ಕಪ್ಪುರಂಧ್ರ ನುಂಗುವುದಕ್ಕಿಂತ ಕಾಯಿಸುವುದೇ ಹೆಚ್ಚು

ಮಾನ್ಯ ಸಂಪಾದಕರೇ,

ಕಪ್ಪುರಂಧ್ರದ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳ ತಲೆಬರಹಕ್ಕೆ ಒದಗುವ ಕ್ರಿಯಾಪದ ಬಹುತೇಕ ಒಂದೇ: ‘ನುಂಗು’. ಎಲ್ಲವನ್ನೂ ಕಬಳಿಸುವ ರಾಕ್ಷಸ, ನಕ್ಷತ್ರಗಳನ್ನೇ ಆಪೋಶನ ತೆಗೆದುಕೊಳ್ಳುವ ದೈತ್ಯ ಎಂಬ ಮಾತುಗಳು ಶಾಲಾ ಮಕ್ಕಳ ಪುರವಣಿಗಳಲ್ಲೂ ಮತ್ತೆ ಮತ್ತೆ ಅಚ್ಚಾಗುತ್ತಿವೆ. 2019ರ ಏಪ್ರಿಲ್ 10ರಂದು ಎಂ87 ಗೆಲಾಕ್ಸಿಯ ಕಪ್ಪುರಂಧ್ರದ ಚಿತ್ರ ಬಿಡುಗಡೆಯಾಯಿತು. 2022ರ ಮೇ 12ರಂದು ನಮ್ಮ ಆಕಾಶಗಂಗೆಯ ನಡುವಿನ ಕಪ್ಪುರಂಧ್ರ ಸ್ಯಾಜಿಟೇರಿಯಸ್ ಎ-ಸ್ಟಾರ್‌ನ ಚಿತ್ರವೂ ಬಂತು. ಇಷ್ಟಾದ ಮೇಲೂ ಓದುಗರ ಮನಸ್ಸಿನಲ್ಲಿ ಉಳಿದಿರುವುದು ಗೆಲಾಕ್ಸಿಯನ್ನು ಒಳಗಿನಿಂದ ತಿಂದು ಮುಗಿಸುವ ಒಂದು ಬಾಯಿಯ ಚಿತ್ರವೇ. ಅದು ತಪ್ಪು. ಗೆಲಾಕ್ಸಿಯ ಮಟ್ಟದಲ್ಲಿ ನೋಡಿದರೆ ಕಪ್ಪುರಂಧ್ರ ಮಾಡುವ ದೊಡ್ಡ ಕೆಲಸವೆಂದರೆ ಸುತ್ತಲಿನ ಅನಿಲವನ್ನು ಕಾಯಿಸುವುದು, ಹೊರಕ್ಕೆ ದಬ್ಬುವುದು, ಹಾಗೆ ಮಾಡಿ ಹೊಸ ನಕ್ಷತ್ರಗಳ ಹುಟ್ಟನ್ನು ತಡೆಯುವುದು. ಕಳೆದ ಇಪ್ಪತ್ತೈದು ವರ್ಷಗಳ ಖಗೋಳ ವಿಜ್ಞಾನದ ಗಟ್ಟಿ ತಿಳಿವಳಿಕೆಗಳಲ್ಲಿ ಇದೂ ಒಂದು. ಇದು ಕನ್ನಡ ಓದುಗರಿಗೆ ಸರಿಯಾಗಿ ತಲುಪಲಿ ಎಂಬ ಕಾಳಜಿಯಿಂದ ಈ ಪತ್ರ. ತುಸು ಉದ್ದವಾಗಿದೆ, ಆದರೆ ಅಂಕಿಗಳಿಲ್ಲದೆ ಈ ಮಾತು ಹೇಳಿದರೆ ಅದೂ ಇನ್ನೊಂದು ಕಥೆಯೇ ಆಗುತ್ತದೆ.

ಮೊದಲು ನುಂಗುವ ಲೆಕ್ಕ ನೋಡೋಣ. ಸ್ಯಾಜಿಟೇರಿಯಸ್ ಎ-ಸ್ಟಾರ್ ಸುಮಾರು 43 ಲಕ್ಷ ಸೂರ್ಯರಷ್ಟು ತೂಗುತ್ತದೆ. ಸೂರ್ಯನ ಕಕ್ಷೆಯ ಒಳಗೆ ಬರುವ ಆಕಾಶಗಂಗೆಯ ಒಟ್ಟು ತೂಕ ಸುಮಾರು ಹತ್ತು ಸಾವಿರ ಕೋಟಿ ಸೂರ್ಯರಷ್ಟು. ಕಪ್ಪುರಂಧ್ರದ ಪಾಲು ಇಪ್ಪತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ. ಅದನ್ನು ಈಗಿಂದೀಗಲೇ ಎತ್ತಿ ಹಾಕಿದರೂ ಸೂರ್ಯನ ದಾರಿ ಕದಲುವುದಿಲ್ಲ. ಅದರ ಗುರುತ್ವವೇ ಮೇಲುಗೈಯಾಗಿರುವ ವಲಯ ನಡುವಿನಿಂದ ಹತ್ತು ಜ್ಯೋತಿರ್ವರ್ಷಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ನಾವಿರುವುದು ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ. 650 ಕೋಟಿ ಸೂರ್ಯರಷ್ಟು ತೂಗುವ ಎಂ87ರ ಕಪ್ಪುರಂಧ್ರಕ್ಕೂ ಈ ವಲಯ ಸಾವಿರ ಜ್ಯೋತಿರ್ವರ್ಷದ ಆಸುಪಾಸು. ಅದರಾಚೆಗಿನ ಅನಿಲಕ್ಕೂ ನಕ್ಷತ್ರಗಳಿಗೂ ಆ ಗುರುತ್ವದ ಹಂಗಿಲ್ಲ. ಹತ್ತಿರ ಬಂದ ಅನಿಲವೂ ಸಲೀಸಾಗಿ ಒಳಗೆ ಹೋಗುವುದಿಲ್ಲ. ನಮ್ಮ ಕಪ್ಪುರಂಧ್ರದ ಸುತ್ತಲಿನ ಬಿಸಿ ಅನಿಲವನ್ನು ‘ಚಂದ್ರ’ ಎಂಬ ನಾಸಾದ ಎಕ್ಸ್-ಕಿರಣ ದೂರದರ್ಶಕ ದೀರ್ಘಕಾಲ ನೋಡಿದಾಗ, ಅದರ ಹಿಡಿತಕ್ಕೆ ಸಿಕ್ಕ ಅನಿಲದಲ್ಲಿ ಶೇ 1ಕ್ಕಿಂತ ಕಡಿಮೆ ಪಾಲು ಮಾತ್ರ ಒಳಬೀಳುತ್ತದೆ, ಉಳಿದದ್ದು ಹೊರಗೇ ಹೋಗುತ್ತದೆ ಎಂದು 2013ರಲ್ಲಿ ಕಂಡುಬಂತು.

ಹಾಗಾದರೆ ಇಷ್ಟು ಚಿಕ್ಕ ವಸ್ತುವಿಗೆ ಇಡೀ ಗೆಲಾಕ್ಸಿಯ ಮೇಲೆ ಹಿಡಿತ ಹೇಗೆ? ಉತ್ತರ ಶಕ್ತಿಯಲ್ಲಿದೆ. ಒಳಗೆ ಬೀಳುವ ಅನಿಲಕ್ಕೆ ಸುತ್ತುವ ವೇಗ ಇದ್ದೇ ಇರುತ್ತದೆ. ಅದು ನೇರ ಬೀಳದೆ ತಟ್ಟೆಯಂತೆ ಹರಡಿಕೊಂಡು ಸುತ್ತುತ್ತಾ, ಪದರಕ್ಕೆ ಪದರ ಉಜ್ಜಿಕೊಂಡು ಕಾದು, ಮೆಲ್ಲಗೆ ಒಳಸರಿಯುತ್ತದೆ. ಹೀಗೆ ಇಳಿಯುವಾಗ ತನ್ನ ರಾಶಿಗೆ ಸಮನಾದ ಶಕ್ತಿಯ ಒಂದು ಪಾಲನ್ನು ಹೊರಗೆ ಬಿಡುತ್ತದೆ. ತಿರುಗದ ಕಪ್ಪುರಂಧ್ರದಲ್ಲಿ ಈ ಪಾಲು ಶೇ 5.7, ಗರಿಷ್ಠ ವೇಗದಲ್ಲಿ ತಿರುಗುವುದರಲ್ಲಿ ಶೇ 42ರವರೆಗೆ. ಸೂರ್ಯನ ಒಡಲಲ್ಲಿ ಜಲಜನಕ ಹೀಲಿಯಂ ಆಗುವಾಗ ಸಿಗುವುದು ಶೇ 0.7 ಮಾತ್ರ. ಸಾಮಾನ್ಯವಾಗಿ ಲೆಕ್ಕಕ್ಕೆ ಶೇ 10 ಎಂದು ಹಿಡಿಯುತ್ತಾರೆ. ಒಂದೇ ಒಂದು ಕಿಲೋಗ್ರಾಂ ಅನಿಲ ಒಳಬಿದ್ದರೆ ಹೊರಬರುವ ಶಕ್ತಿ ಆಗ 250 ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ.

ಇದನ್ನು ಗೆಲಾಕ್ಸಿಗೆ ಹೊಂದಿಸಿ ನೋಡಿ. ಗೆಲಾಕ್ಸಿಯ ನಡುವಿನ ಉಬ್ಬಿನ ತೂಕದಲ್ಲಿ ಸಾವಿರಕ್ಕೆ ಒಂದು ಪಾಲು ಕಪ್ಪುರಂಧ್ರ ಎಂದಿಟ್ಟುಕೊಳ್ಳೋಣ. ಉಬ್ಬಿನ ನಕ್ಷತ್ರಗಳು ಸೆಕೆಂಡಿಗೆ 200 ಕಿಲೋಮೀಟರ್ ವೇಗದಲ್ಲಿ ಅತ್ತಿತ್ತ ಓಡುತ್ತಿವೆ ಎನ್ನೋಣ. ಆ ಉಬ್ಬನ್ನು ಗುರುತ್ವ ಹಿಡಿದಿಟ್ಟಿರುವ ಶಕ್ತಿಗೂ, ಕಪ್ಪುರಂಧ್ರ ಅಷ್ಟು ದೊಡ್ಡದಾಗುವ ಹೊತ್ತಿಗೆ ಹೊರಬಿಟ್ಟ ಶಕ್ತಿಗೂ ಅನುಪಾತ ಹಾಕಿದರೆ ಎರಡನೆಯದು ಸುಮಾರು ಇನ್ನೂರು ಪಟ್ಟು ಹೆಚ್ಚು. ಅಂದರೆ ಹೊರಬಂದ ಶಕ್ತಿಯ ನೂರಕ್ಕೆ ಅರ್ಧ ಪಾಲು ಅನಿಲಕ್ಕೆ ತಗುಲಿದರೂ ಸಾಕು, ಗೆಲಾಕ್ಸಿಯ ಗತಿಯೇ ಬದಲಾಗುತ್ತದೆ. ಪ್ರಶ್ನೆ ಶಕ್ತಿ ಇದೆಯೇ ಎಂಬುದಲ್ಲ, ಅದು ಅನಿಲಕ್ಕೆ ತಗುಲುವುದು ಹೇಗೆ ಎಂಬುದು. 2000ದಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದ ಒಂದು ಸಂಬಂಧ ಇದಕ್ಕೆ ಬೆನ್ನೆಲುಬು: ಉಬ್ಬಿನ ನಕ್ಷತ್ರಗಳ ವೇಗ ಹೆಚ್ಚಿದಷ್ಟೂ ಕಪ್ಪುರಂಧ್ರದ ತೂಕ ಹೆಚ್ಚು, ವೇಗದ ನಾಲ್ಕನೆಯ ಅಥವಾ ಐದನೆಯ ಘಾತದಂತೆ. ಆ ನಕ್ಷತ್ರಗಳಲ್ಲಿ ಬಹುಪಾಲು ಕಪ್ಪುರಂಧ್ರದ ಗುರುತ್ವದ ಆಚೆಗಿವೆ. ಆದರೂ ಎರಡರ ಬೆಳವಣಿಗೆ ಒಂದನ್ನೊಂದು ಬಲ್ಲಂತೆ ನಡೆದಿದೆ.

ನಕ್ಷತ್ರ ಹುಟ್ಟಲು ಬೇಕಾದದ್ದು ಅನಿಲ ಮಾತ್ರವಲ್ಲ, ತಣ್ಣನೆಯ ಅನಿಲ. ಈ ಒಂದು ವಿಶೇಷಣ ಬಿಟ್ಟರೆ ಮುಂದಿನದೆಲ್ಲ ಕೆಡುತ್ತದೆ. ನಿರಪೇಕ್ಷ ಶೂನ್ಯಕ್ಕಿಂತ ಸುಮಾರು 10 ಡಿಗ್ರಿ ಮೇಲೆ, ಅಂದರೆ ಮೈನಸ್ 263 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಘನ ಸೆಂಟಿಮೀಟರಿಗೆ ಹತ್ತು ಸಾವಿರ ಅಣುಗಳಷ್ಟು ದಟ್ಟವಾದ ಮೋಡದಲ್ಲಿ ಕೆಲವೇ ಸೂರ್ಯರಷ್ಟು ಅನಿಲ ಸೇರಿದರೆ ಅದು ತನ್ನ ತೂಕಕ್ಕೇ ಕುಸಿದು ನಕ್ಷತ್ರವಾಗಬಲ್ಲದು. ಬಿಸಿ ಏರಿದಂತೆ ಒಳಗಿನ ಒತ್ತಡ ಕುಸಿತವನ್ನು ತಡೆಯುತ್ತದೆ. ಬೇಕಾದ ಕನಿಷ್ಠ ರಾಶಿ ತಾಪದ ಒಂದೂವರೆ ಘಾತದಂತೆ ಏರುತ್ತದೆ. ಆದ್ದರಿಂದ ಗೆಲಾಕ್ಸಿಯಲ್ಲಿ ನಕ್ಷತ್ರ ಹುಟ್ಟುವುದನ್ನು ನಿಲ್ಲಿಸಲು ಅನಿಲವನ್ನು ತಿಂದು ಹಾಕಬೇಕಿಲ್ಲ. ತಣಿಯಲು ಬಿಡದಿದ್ದರೆ ಸಾಕು.

ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿರುವ ಜಾಗ ಪರ್ಸಿಯಸ್ ಗೆಲಾಕ್ಸಿ ಗೊಂಚಲು, ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರ. ಇದರ ನಟ್ಟನಡುವೆ ಎನ್‌ಜಿಸಿ 1275 ಎಂಬ ಭಾರೀ ಗೆಲಾಕ್ಸಿ. ಅದರ ಗರ್ಭದಲ್ಲಿ ಕಪ್ಪುರಂಧ್ರ. ಗೊಂಚಲಿನ ಗೆಲಾಕ್ಸಿಗಳ ನಡುವಿನ ಜಾಗ ಖಾಲಿಯಲ್ಲ, ಕೋಟಿಗಟ್ಟಲೆ ಡಿಗ್ರಿ ಬಿಸಿಯ ತೆಳು ಅನಿಲ ತುಂಬಿದೆ: ನಡುವೆ ಮೂರೂವರೆ ಕೋಟಿ ಡಿಗ್ರಿಯ ಆಸುಪಾಸು, ಹೊರಗೆ ಅದರ ಇಮ್ಮಡಿ. ಗೊಂಚಲಿನ ಎಲ್ಲ ನಕ್ಷತ್ರಗಳನ್ನು ಒಟ್ಟು ಹಾಕಿದರೂ ಈ ಅನಿಲದ ತೂಕ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಅನಿಲ ಎಕ್ಸ್-ಕಿರಣಗಳನ್ನು ಸೂಸುತ್ತಾ ಶಕ್ತಿ ಕಳೆದುಕೊಳ್ಳುತ್ತದೆ, ಸಾಂದ್ರತೆ ಇಮ್ಮಡಿಯಾದರೆ ಸೂಸುವಿಕೆ ನಾಲ್ಮಡಿ. ಹಾಗಾಗಿ ದಟ್ಟವಾಗಿರುವ ನಡುಭಾಗವೇ ಮೊದಲು ತಣಿಯುತ್ತದೆ. ತಣಿದರೆ ಒತ್ತಡ ಇಳಿಯುತ್ತದೆ, ಮೇಲಿನ ಅನಿಲದ ಭಾರಕ್ಕೆ ಇನ್ನೂ ದಟ್ಟವಾಗುತ್ತದೆ, ದಟ್ಟವಾದಷ್ಟೂ ಬೇಗ ತಣಿಯುತ್ತದೆ. ಒಮ್ಮೆ ಹಿಡಿದರೆ ಬಿಡದ ಜಾರುದಾರಿ ಇದು. ಪರ್ಸಿಯಸ್‌ನ ನಡುವಿನ ಅನಿಲ ಹೀಗೆ ತಣಿಯಲು ನೂರು ಕೋಟಿ ವರ್ಷವೂ ಬೇಡ. ಗೊಂಚಲಿಗೆ ಅದಕ್ಕಿಂತ ಹೆಚ್ಚು ವಯಸ್ಸಾಗಿದೆ. ಲೆಕ್ಕದ ಪ್ರಕಾರ ವರ್ಷಕ್ಕೆ ನೂರಾರು ಸೂರ್ಯರಷ್ಟು ಅನಿಲ ತಣಿದು ನಡುವಿಗೆ ಸುರಿಯಬೇಕು, ಅಷ್ಟೇ ಹೊಸ ನಕ್ಷತ್ರಗಳು ಹುಟ್ಟಬೇಕು.

ಹಾಗೆ ಆಗುತ್ತಿಲ್ಲ. ನಕ್ಷತ್ರ ಹುಟ್ಟುವ ದರ ಆ ನಿರೀಕ್ಷೆಯ ಸಣ್ಣ ಪಾಲು. 1999ರ ಡಿಸೆಂಬರಿನಲ್ಲಿ ಹಾರಿದ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕ ಇಂಥ ಹಲವು ಗೊಂಚಲುಗಳ ವರ್ಣಪಟಲ ಬಿಡಿಸಿತು. ಒಂದು ಕೋಟಿ ಡಿಗ್ರಿಗಿಂತ ಕೆಳಗೆ ತಣಿದ ಅನಿಲ ಇದ್ದರೆ ಕಬ್ಬಿಣದ ಅಯಾನುಗಳ ಕೆಲವು ಗೆರೆಗಳು ಅಲ್ಲಿ ಎದ್ದು ಕಾಣಬೇಕಿತ್ತು. 2001ರಲ್ಲಿ ಬಂದ ಫಲಿತಾಂಶಗಳಲ್ಲಿ ಆ ಗೆರೆಗಳು ತೀರಾ ಮಂದವಾಗಿದ್ದವು ಅಥವಾ ಇರಲೇ ಇಲ್ಲ. ಹೊರಗಿನ ತಾಪದ ಮೂರನೇ ಒಂದು ಭಾಗದವರೆಗೆ ತಣಿದ ಅನಿಲ ಅಲ್ಲಿಗೇ ನಿಂತುಬಿಟ್ಟಿತ್ತು. ಯಾರೋ ಅಡಿಯಲ್ಲಿ ಒಲೆ ಉರಿಸುತ್ತಿದ್ದಾರೆ.

ಒಲೆ ಕಂಡದ್ದು 1999ರ ಜುಲೈಯಲ್ಲಿ ಹಾರಿದ ಚಂದ್ರ ದೂರದರ್ಶಕದ ಚಿತ್ರಗಳಲ್ಲಿ. 1993ರಲ್ಲೇ ರೋಸ್ಯಾಟ್ ಎಂಬ ಹಿಂದಿನ ಎಕ್ಸ್-ಕಿರಣ ಉಪಗ್ರಹ ಅದರ ಸುಳಿವು ಕೊಟ್ಟಿತ್ತು. ಎನ್‌ಜಿಸಿ 1275ರ ಎರಡು ಪಕ್ಕಗಳಲ್ಲಿ ಬಿಸಿ ಅನಿಲದೊಳಗೆ ಎರಡು ಟೊಳ್ಳುಗಳಿವೆ. ಎಕ್ಸ್-ಕಿರಣದಲ್ಲಿ ಕಪ್ಪಾಗಿ ಕಾಣುವ ಅದೇ ಜಾಗ ರೇಡಿಯೊ ಅಲೆಗಳಲ್ಲಿ ಬೆಳಗುತ್ತದೆ. ಕಪ್ಪುರಂಧ್ರದಿಂದ ಎರಡೂ ದಿಕ್ಕಿಗೆ ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಚಿಮ್ಮುವ ಜೆಟ್‌ಗಳು ಅನಿಲವನ್ನು ಪಕ್ಕಕ್ಕೆ ಸರಿಸಿ ಊದಿದ ಗುಳ್ಳೆಗಳು ಇವು. ಒಲೆಯ ಮೇಲಿನ ರಾಗಿ ಅಂಬಲಿಯಲ್ಲಿ ತಳದಿಂದ ಗುಳ್ಳೆ ಎದ್ದು ಮೇಲೆ ಬರುವಂತೆ, ಹಗುರವಾದ ಈ ಗುಳ್ಳೆಗಳು ಗೊಂಚಲಿನ ಅನಿಲದಲ್ಲಿ ತೇಲಿ ಹೊರಕ್ಕೆ ಏರುತ್ತವೆ. ಅವುಗಳ ಜಾಗದಲ್ಲಿ ಹೊಸವು ಉಬ್ಬುತ್ತವೆ. ಹಳೆಯವು ಇನ್ನೂ ದೂರದಲ್ಲಿ ಮಸುಕಾಗಿ ಕಾಣುತ್ತವೆ.

ಈ ಗುಳ್ಳೆಗಳಿಂದಲೇ ಒಲೆಯ ಬಿಸಿ ಅಳೆಯಬಹುದು ಎಂಬುದು ನನಗೆ ಇಡೀ ವಿಷಯದಲ್ಲೇ ಅತಿ ಸೊಗಸಾಗಿ ಕಾಣುವ ಸಂಗತಿ. ವಿಧಾನ ಪಿಯುಸಿ ಭೌತವಿಜ್ಞಾನದ ಮಟ್ಟದ್ದು. ಎಕ್ಸ್-ಕಿರಣದ ಪ್ರಖರತೆಯಿಂದ ಅನಿಲದ ಸಾಂದ್ರತೆ, ವರ್ಣಪಟಲದಿಂದ ತಾಪ. ಎರಡರ ಗುಣಲಬ್ಧದಿಂದ ಒತ್ತಡ. ಚಿತ್ರದಿಂದ ಗುಳ್ಳೆಯ ಗಾತ್ರ. ಒತ್ತಡವನ್ನು ಗಾತ್ರದಿಂದ ಗುಣಿಸಿದರೆ ಗುಳ್ಳೆ ಊದಲು ಅನಿಲವನ್ನು ತಳ್ಳಿದ ಕೆಲಸ ಸಿಕ್ಕಿತು. ಗುಳ್ಳೆಯೊಳಗಿನ ಕಣಗಳಲ್ಲಿ ಉಳಿದ ಶಕ್ತಿಯನ್ನೂ ಸೇರಿಸಿದರೆ ಒಟ್ಟು ಅದರ ನಾಲ್ಕು ಪಟ್ಟು. ಪರ್ಸಿಯಸ್‌ನ ಒಳಗುಳ್ಳೆಗಳ ತ್ರಿಜ್ಯ ಸುಮಾರು 23 ಸಾವಿರ ಜ್ಯೋತಿರ್ವರ್ಷ. ಘನ ಸೆಂಟಿಮೀಟರಿಗೆ 0.05 ಎಲೆಕ್ಟ್ರಾನ್, ಮೂರೂವರೆ ಕೋಟಿ ಡಿಗ್ರಿ ಎಂದು ಹಾಕಿ ನೋಡಿ: ಎರಡೂ ಗುಳ್ಳೆ ಸೇರಿ 1ರ ಮುಂದೆ 52 ಸೊನ್ನೆ ಇಟ್ಟಷ್ಟು ಜೂಲ್, ಮೇಲೆ ಒಂದಿಷ್ಟು. ಗುಳ್ಳೆಯ ವಯಸ್ಸು ಒಂದು ಕೋಟಿ ವರ್ಷ ಎಂದು ಭಾಗಿಸಿದರೆ ಹತ್ತು ಸಾವಿರ ಕೋಟಿ ಸೂರ್ಯರು ಸದಾ ಉರಿದಂತೆ. ನಡುವಿನ ಅನಿಲ ಎಕ್ಸ್-ಕಿರಣದಲ್ಲಿ ಕಳೆದುಕೊಳ್ಳುವ ಶಕ್ತಿಯೂ ಹೆಚ್ಚೂಕಡಿಮೆ ಇದೇ ಅಳತೆಯದು. ಗುಳ್ಳೆಗಳಿರುವ ಬೇರೆ ಹತ್ತಾರು ಗೊಂಚಲುಗಳಲ್ಲೂ ಈ ಎರಡು ಅಂಕಿಗಳು ಜೊತೆಜೊತೆಗೇ ಏರಿಳಿಯುತ್ತವೆ.

ಈಗ ಮತ್ತೆ ‘ನುಂಗು’ವಿಗೆ ಬನ್ನಿ. ಅಷ್ಟು ಶಕ್ತಿ ಕೊಡಲು ಶೇ 10ರ ಲೆಕ್ಕದಲ್ಲಿ ಕಪ್ಪುರಂಧ್ರಕ್ಕೆ ವರ್ಷಕ್ಕೆ ಬೇಕಾದ ಅನಿಲ ಸೂರ್ಯನ ಹತ್ತನೇ ಒಂದು ಭಾಗ, ಅಂದರೆ ಸುಮಾರು 30 ಸಾವಿರ ಭೂಮಿಗಳಷ್ಟು. ಅಷ್ಟನ್ನು ತಿಂದು ಅದು ತಡೆಯುವುದು ನೂರಾರು ಸೂರ್ಯರಷ್ಟು ಅನಿಲದ ತಣಿವನ್ನು. ತಿಂದದ್ದಕ್ಕೂ ತಡೆದದ್ದಕ್ಕೂ ಸಾವಿರಾರು ಪಟ್ಟು ಅಂತರ. ಗಾತ್ರದ ಅಂತರವಂತೂ ಇನ್ನೂ ವಿಪರೀತ: ನೂರು ಕೋಟಿ ಸೂರ್ಯರ ತೂಕದ ಕಪ್ಪುರಂಧ್ರದ ತ್ರಿಜ್ಯ ಸುಮಾರು 300 ಕೋಟಿ ಕಿಲೋಮೀಟರ್, ಯುರೇನಸ್ ಕಕ್ಷೆಯಷ್ಟು. ಅದು ಮೂರು ಲಕ್ಷ ಜ್ಯೋತಿರ್ವರ್ಷ ದೂರದವರೆಗಿನ ಅನಿಲವನ್ನು ಕಾಯಿಸುತ್ತದೆಂದರೆ, ಒಂದು ಕಡಲೆಕಾಳು ಇಡೀ ಭೂಮಿಯ ಹವೆಯನ್ನು ಹದದಲ್ಲಿಟ್ಟಂತೆ.

ಗುಳ್ಳೆಯ ಶಕ್ತಿ ಸುತ್ತಲಿನ ಅನಿಲಕ್ಕೆ ಹರಡುವ ಬಗೆಯ ಬಗ್ಗೆ ವಿಜ್ಞಾನಿಗಳಲ್ಲಿ ಈಗಲೂ ಚರ್ಚೆ ನಡೆದಿದೆ. ಗುಳ್ಳೆ ಉಬ್ಬಿದಾಗ ಏಳುವ ಒತ್ತಡದ ಅಲೆಗಳು ಒಂದು ದಾರಿ. 2003ರಲ್ಲಿ ಪರ್ಸಿಯಸ್‌ನಲ್ಲಿ ಈ ಅಲೆಗಳು ಉಂಗುರಗಳಂತೆ ಕಂಡವು: ಒಂದರಿಂದ ಇನ್ನೊಂದಕ್ಕೆ ಸುಮಾರು 35 ಸಾವಿರ ಜ್ಯೋತಿರ್ವರ್ಷ, ಒಂದು ಕಂಪನಕ್ಕೆ ಸುಮಾರು 96 ಲಕ್ಷ ವರ್ಷ, ಪಿಯಾನೊದ ನಡುವಿನ ‘ಸಿ’ ಸ್ವರಕ್ಕಿಂತ 57 ಸಪ್ತಕ ಕೆಳಗೆ. 2022ರಲ್ಲಿ ನಾಸಾ ಇದನ್ನು 57, 58 ಸಪ್ತಕ ಏರಿಸಿ ಕಿವಿಗೆ ಕೇಳುವಂತೆ ಮಾಡಿದಾಗ ‘ಕಪ್ಪುರಂಧ್ರದ ಚೀತ್ಕಾರ’ ಎಂಬ ಧಾಟಿಯ ಬರಹಗಳು ಓಡಾಡಿದವು. ಅದು ಕಪ್ಪುರಂಧ್ರದ ದನಿಯಲ್ಲ, ಕಪ್ಪುರಂಧ್ರ ಕಾಯಿಸುತ್ತಿರುವ ಅನಿಲದ ಅಲೆ. ಬಾಹ್ಯಾಕಾಶದಲ್ಲಿ ಶಬ್ದವೇ ಇಲ್ಲ ಎಂದು ಕಲಿತ ಮಕ್ಕಳಿಗೆ, ಅನಿಲ ಇದ್ದಲ್ಲಿ ಶಬ್ದವೂ ಇರುತ್ತದೆ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಇನ್ನೊಂದು ದಾರಿ ಅನಿಲದ ಕಲಕಾಟ. ಜಪಾನಿನ ಹಿಟೋಮಿ ಉಪಗ್ರಹ 2016ರ ಫೆಬ್ರುವರಿ 17ರಂದು ಹಾರಿ, ಮಾರ್ಚ್ ತಿಂಗಳ ಕೊನೆಗೇ ಕೈಬಿಟ್ಟುಹೋಯಿತು. ಆ ನಡುವೆ ಪರ್ಸಿಯಸ್‌ನ ಅನಿಲದ ವೇಗ ಅಳೆದು ಸೆಕೆಂಡಿಗೆ 164 ಕಿಲೋಮೀಟರ್ ಎಂದು ತೋರಿಸಿತು. ಅಲ್ಲಿ ಶಬ್ದದ ವೇಗವೇ ಸಾವಿರ ಕಿಲೋಮೀಟರಿಗೆ ಮೀರಿದ್ದು. ಅಂದರೆ ಜೆಟ್‌ಗಳು ಬಡಿಯುತ್ತಿದ್ದರೂ ಅನಿಲ ಕೊತಕೊತ ಕುದಿಯುತ್ತಿಲ್ಲ, ಸಣ್ಣಗೆ ಮಿಸುಕುತ್ತಿದೆ. ಇಷ್ಟು ಮೆತ್ತಗಿನ ಕಲಕಾಟ ಬಿಸಿಯನ್ನು ದೂರ ಒಯ್ಯಲಾರದು ಎಂಬುದರಿಂದ ಶಬ್ದದ ಅಲೆ, ಗುಳ್ಳೆಯೊಳಗಿನ ಕಣಗಳು ಸೋರಿ ಬೆರೆಯುವುದು ಮುಂತಾದ ದಾರಿಗಳಿಗೆ ಮತ್ತೆ ತೂಕ ಬಂದಿದೆ.

ಒಲೆಗೆ ತಾನಾಗಿ ಏರಿಳಿಯುವ ಹದ ಎಲ್ಲಿಂದ ಬಂತು? ಬಿಸಿ ಅನಿಲದಲ್ಲಿ ಅಲ್ಲಲ್ಲಿ ತುಣುಕುಗಳು ಬೇಗ ತಣಿದು, ಮಳೆಹನಿಗಳಂತೆ ನಡುವಿಗೆ ಬೀಳುತ್ತವೆ. ಅದೇ ಕಪ್ಪುರಂಧ್ರದ ಸೌದೆ. ಅದು ಉರಿದು ಅನಿಲ ಕಾದರೆ ಮಳೆ ನಿಲ್ಲುತ್ತದೆ, ಸೌದೆ ಮುಗಿದು ಒಲೆ ಆರುತ್ತದೆ, ಅನಿಲ ಮತ್ತೆ ತಣಿಯುತ್ತದೆ. ಈ ಮಳೆ ಯಾವಾಗ ಶುರುವಾಗುತ್ತದೆ ಎಂಬುದಕ್ಕೆ ಒಂದು ಸರಳ ಅಳತೆಗೋಲು 2012ರಲ್ಲಿ ಸಿಕ್ಕಿತು; ಅದನ್ನು ಕಟ್ಟಿದ ನಾಲ್ವರಲ್ಲಿ ಪ್ರತೀಕ್ ಶರ್ಮಾ ಒಬ್ಬರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅನಿಲ ತಣಿಯಲು ಬೇಕಾದ ಕಾಲವನ್ನು ಅದು ನಡುವಿಗೆ ಬೀಳಲು ಬೇಕಾದ ಕಾಲದಿಂದ ಭಾಗಿಸಿ. ಉತ್ತರ ಸುಮಾರು ಹತ್ತಕ್ಕಿಂತ ಕೆಳಗಿಳಿದರೆ ಮಳೆ, ಮೇಲಿದ್ದರೆ ಒಣಹವೆ. ತಣ್ಣನೆಯ ಎಳೆಗಳು ಕಂಡುಬರುವ ಗೊಂಚಲುಗಳಲ್ಲಿ ಈ ಅನುಪಾತ ಹತ್ತರ ಸುತ್ತಮುತ್ತಲೇ ಸುಳಿಯುತ್ತದೆ. ಬೆಂಗಳೂರಿನ ನಂಟಿರುವ ಈ ಕೆಲಸ ಕನ್ನಡ ಪತ್ರಿಕೆಯಲ್ಲಿ ಬರಬೇಕಾದ ಸುದ್ದಿಯಾಗಿತ್ತು.

ಆ ತಣ್ಣನೆಯ ಎಳೆಗಳನ್ನು ಎನ್‌ಜಿಸಿ 1275ರ ಸುತ್ತ ಹಬಲ್ ದೂರದರ್ಶಕ 2008ರಲ್ಲಿ ಬಿಡಿಬಿಡಿಯಾಗಿ ತೋರಿಸಿತು: ಅಗಲ ಸುಮಾರು 200 ಜ್ಯೋತಿರ್ವರ್ಷ, ಉದ್ದ 20 ಸಾವಿರದವರೆಗೆ. ಇಷ್ಟು ತೆಳುವಾದ ಎಳೆ ಸುತ್ತಲಿನ ಬಿಸಿಯಲ್ಲಿ ಹರಿದು ಚೂರಾಗದೆ ಉಳಿದಿರುವುದು ಕಾಂತಕ್ಷೇತ್ರದ ಬಿಗಿತದಿಂದ. ಅದೇ ಬಿಗಿತ ಬಹುತೇಕ ಎಳೆಗಳಲ್ಲಿ ಅನಿಲ ಕುಸಿದು ನಕ್ಷತ್ರವಾಗುವುದನ್ನೂ ತಡೆಯುತ್ತಿದೆ.

ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಸುಮಾರು 570 ಕೋಟಿ ಜ್ಯೋತಿರ್ವರ್ಷ ದೂರದ ಫೀನಿಕ್ಸ್ ಗೊಂಚಲಿನಲ್ಲಿ ಒಲೆ ಸೋತಿದೆ. ಅದರ ನಡುವಿನ ಗೆಲಾಕ್ಸಿಯಲ್ಲಿ ವರ್ಷಕ್ಕೆ ಸುಮಾರು 740 ಸೂರ್ಯರಷ್ಟು ನಕ್ಷತ್ರಗಳು ಹುಟ್ಟುತ್ತಿವೆ ಎಂದು 2012ರಲ್ಲಿ ಅಂದಾಜಾಯಿತು. ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಒಂದೋ ಎರಡೋ. ಅಲ್ಲೂ ಕಪ್ಪುರಂಧ್ರ ಚುರುಕಾಗಿಯೇ ಇದೆ, ಗುಳ್ಳೆಗಳನ್ನೂ ಊದಿದೆ, ಆದರೆ ತಣಿವಿನ ವೇಗಕ್ಕೆ ಅದು ಸಾಟಿಯಾಗಿಲ್ಲ. ಇದಕ್ಕೆ ತದ್ವಿರುದ್ಧ ಎಂಎಸ್ 0735 ಗೊಂಚಲು: 2005ರಲ್ಲಿ ಕಂಡ ಅಲ್ಲಿನ ಒಂದೊಂದು ಟೊಳ್ಳಿನ ಅಡ್ಡಳತೆ ಆರು ಲಕ್ಷ ಜ್ಯೋತಿರ್ವರ್ಷದಷ್ಟು. ಅದನ್ನೂ ಮೀರಿಸಿದ್ದು ಸುಮಾರು 39 ಕೋಟಿ ಜ್ಯೋತಿರ್ವರ್ಷ ದೂರದ ಓಫಿಯುಕಸ್ ಗೊಂಚಲಿನ ಸ್ಫೋಟ, ಎಂಎಸ್ 0735ಕ್ಕಿಂತ ಸುಮಾರು ಐದು ಪಟ್ಟು ಶಕ್ತಿಯದು.

ಓಫಿಯುಕಸ್‌ನ ಸಂಗತಿಗೆ ಭಾರತದ ನೇರ ಪಾಲಿದೆ. ಎಕ್ಸ್-ಕಿರಣದ ಚಿತ್ರದಲ್ಲಿ ಅನಿಲದ ಅಂಚಿನಲ್ಲಿ ಬಾಗಿದ ಗೆರೆಯೊಂದು ಕಂಡಿತ್ತು. ಅಷ್ಟು ದೊಡ್ಡ ಗುಳ್ಳೆ ಇರಲಾರದು ಎಂದೇ ಮೊದಲು ಎಣಿಸಲಾಗಿತ್ತು. ಗುಳ್ಳೆಯೇ ಹೌದು ಎಂದು 2020ರಲ್ಲಿ ಖಚಿತಪಡಿಸಿದ್ದು ಆಸ್ಟ್ರೇಲಿಯಾದ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಮತ್ತು ಪುಣೆ ಬಳಿ ಖೋಡದ್‌ನಲ್ಲಿರುವ ನಮ್ಮ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕಗಳ ನಕ್ಷೆಗಳು. ಇದು ಕಾಕತಾಳೀಯವಲ್ಲ. ಗುಳ್ಳೆಯೊಳಗಿನ ಎಲೆಕ್ಟ್ರಾನ್‌ಗಳಲ್ಲಿ ಹೆಚ್ಚು ಶಕ್ತಿಯವು ಬೇಗ ಸೊರಗುತ್ತವೆ. ಶಕ್ತಿ ಇಮ್ಮಡಿಯಾದರೆ ಕಳೆದುಕೊಳ್ಳುವ ದರ ನಾಲ್ಮಡಿ. ಹಳೆಯ ಗುಳ್ಳೆಯಲ್ಲಿ ಉಳಿಯುವವು ಕಡಿಮೆ ಶಕ್ತಿಯವು ಮಾತ್ರ, ಅವು ಸೂಸುವುದು ಕಡಿಮೆ ಆವರ್ತನದ ಅಲೆ. ಗಿಗಾಹರ್ಟ್ಸ್‌ಗಳಲ್ಲಿ ನೋಡುವ ದೊಡ್ಡ ದೂರದರ್ಶಕಕ್ಕೂ ಆ ಗುಳ್ಳೆ ಸತ್ತಂತೆ. ಕೆಲವು ನೂರು ಮೆಗಾಹರ್ಟ್ಸ್‌ಗಳಲ್ಲಿ ಕೆಲಸ ಮಾಡುವ, 45 ಮೀಟರ್ ಅಗಲದ 30 ಬೋಗುಣಿಗಳನ್ನು 25 ಕಿಲೋಮೀಟರ್ ಉದ್ದಗಲಕ್ಕೆ ಹರಡಿರುವ ಜಿಎಂಆರ್‌ಟಿಗೆ ಅದು ಬೆಳಗಿ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸಣ್ಣ ಉರಿಯ ಒಲೆ. ಕಪ್ಪುರಂಧ್ರಕ್ಕೆ ಅನಿಲ ಧಾರಾಳವಾಗಿ ಸಿಕ್ಕಾಗ ಬೇರೆಯೇ ಬಗೆ: ಜೆಟ್‌ಗಿಂತ ಬೆಳಕಿನದೂ ಬಿರುಗಾಳಿಯದೂ ಕಾರುಬಾರು. ಮಾರ್ಟನ್ ಸ್ಮಿಟ್ 1963ರಲ್ಲಿ ಗುರುತಿಸಿದ 3ಸಿ 273ರಂಥ ಕ್ವೇಸಾರ್‌ಗಳು, ಅಂದರೆ ಒಳಬೀಳುವ ಅನಿಲದಿಂದ ಪ್ರಖರವಾಗಿ ಬೆಳಗುವ ಗೆಲಾಕ್ಸಿ ನಡುಗಳು, ಈ ಬಗೆಯವು. ತಟ್ಟೆಯಿಂದ ಏಳುವ ಗಾಳಿ ಪಿಡಿಎಸ್ 456 ಎಂಬ ಕ್ವೇಸಾರ್‌ನಲ್ಲಿ ಬೆಳಕಿನ ವೇಗದ ಕಾಲುಭಾಗಕ್ಕೂ ಮೀರಿ ಬೀಸುತ್ತಿದೆ. ಈ ಗಾಳಿ ಗೆಲಾಕ್ಸಿಯ ಅನಿಲಕ್ಕೆ ಡಿಕ್ಕಿ ಹೊಡೆದಾಗ ಆಗುವುದು ಎರಡರಲ್ಲಿ ಒಂದು. ಡಿಕ್ಕಿಯ ಬಿಸಿ ಅಲ್ಲೇ ವಿಕಿರಣವಾಗಿ ಸೋರಿಹೋದರೆ ಅನಿಲಕ್ಕೆ ಸಿಗುವುದು ನೂಕು ಮಾತ್ರ. ಬಿಸಿ ಸೋರದೆ ಉಳಿದರೆ ಆ ಬಿಸಿ ಗುಳ್ಳೆಯೇ ಹಿಗ್ಗಿ ಅನಿಲವನ್ನು ಹಲವು ಪಟ್ಟು ಜೋರಾಗಿ ಹೊರಕ್ಕೆ ತಳ್ಳುತ್ತದೆ. ಮಾರ್ಕೇರಿಯನ್ 231 ಗೆಲಾಕ್ಸಿಯಲ್ಲಿ ವರ್ಷಕ್ಕೆ ಸುಮಾರು 700 ಸೂರ್ಯರಷ್ಟು ತಣ್ಣನೆಯ ಅನಿಲ ಹೊರಹೋಗುತ್ತಿದೆ ಎಂದು 2010ರಲ್ಲಿ ಕಾರ್ಬನ್ ಮೊನಾಕ್ಸೈಡ್‌ನ ಗೆರೆ ಅಗಲವಾದದ್ದರಿಂದ ತಿಳಿಯಿತು. ಅಲ್ಲಿ ಹುಟ್ಟುವ ನಕ್ಷತ್ರಗಳಿಗಿಂತ ಇದು ಹೆಚ್ಚು. ಹೀಗೇ ನಡೆದರೆ ಒಂದು ಕೋಟಿ ವರ್ಷದಲ್ಲಿ ಅನಿಲ ಬರಿದು. 2024ರಲ್ಲಿ ವೆಬ್ ದೂರದರ್ಶಕ, ವಿಶ್ವಕ್ಕೆ ಇನ್ನೂ 200 ಕೋಟಿ ವರ್ಷ ವಯಸ್ಸಾಗಿದ್ದಾಗಲೇ ನಕ್ಷತ್ರಗಳ ಹುಟ್ಟು ನಿಂತಿದ್ದ ಗೆಲಾಕ್ಸಿಯೊಂದರಿಂದ ತಣ್ಣನೆಯ ಅನಿಲ ಸೆಕೆಂಡಿಗೆ ಸುಮಾರು ಸಾವಿರ ಕಿಲೋಮೀಟರ್ ವೇಗದಲ್ಲಿ ಹೊರನುಗ್ಗುವುದನ್ನು ತೋರಿಸಿತು.

ತೊಟ್ಟಿಯ ನೀರು ಚೆಲ್ಲಿಬಿಡುವುದು ಬೇರೆ, ನಲ್ಲಿ ನಿಲ್ಲಿಸುವುದು ಬೇರೆ. ಬಿರುಗಾಳಿ ಮಾಡುವುದು ಮೊದಲನೆಯದನ್ನು, ಗುಳ್ಳೆಗಳು ಎರಡನೆಯದನ್ನು. ನಲ್ಲಿ ನಿಂತ ಗೆಲಾಕ್ಸಿ ಕೂಡಲೇ ಬರಿದಾಗುವುದಿಲ್ಲ. ತೊಟ್ಟಿಯಲ್ಲಿ ಉಳಿದ ಅನಿಲದಿಂದ ನೂರು, ಇನ್ನೂರು ಕೋಟಿ ವರ್ಷ ನಕ್ಷತ್ರಗಳು ಹುಟ್ಟುತ್ತಲೇ ಇರುತ್ತವೆ. ಚೆಲ್ಲಿದ ಮೇಲೆ ನಲ್ಲಿ ನಿಲ್ಲಿಸದಿದ್ದರೆ ತೊಟ್ಟಿ ಮತ್ತೆ ತುಂಬುತ್ತದೆ. ದೊಡ್ಡ ಗೆಲಾಕ್ಸಿಗಳು ದೀರ್ಘಕಾಲ ಕೆಂಪಾಗಿ, ಹೊಸ ನಕ್ಷತ್ರವಿಲ್ಲದೆ ಉಳಿಯಲು ಎರಡೂ ಬೇಕಾದದ್ದು ಇದರಿಂದ.

ವರದಿಗಳಲ್ಲಿ ಪದೇಪದೇ ಆಗುವ ಇನ್ನೊಂದು ತಪ್ಪು ಕಾಲಮಾನದ್ದು. ಕಪ್ಪುರಂಧ್ರ ಬೆಳಗುತ್ತಿರುವ ಗೆಲಾಕ್ಸಿಗಳಲ್ಲಿ ನಕ್ಷತ್ರಗಳೂ ಚೆನ್ನಾಗಿ ಹುಟ್ಟುತ್ತಿವೆ ಎಂಬ ಅಧ್ಯಯನ ಬಂದರೆ ‘ಸಿದ್ಧಾಂತ ತಲೆಕೆಳಗು’ ಎಂದು ಬರೆಯುವುದುಂಟು. ಎರಡಕ್ಕೂ ಅನಿಲವೇ ಆಹಾರ, ಹಾಗಾಗಿ ಅವು ಜೊತೆಗೆ ಕಾಣುವುದು ಸಹಜ. ಮೇಲಾಗಿ ಕಪ್ಪುರಂಧ್ರದ ಬೆಳಕು ಲಕ್ಷ ವರ್ಷಗಳಲ್ಲೇ ಹತ್ತಿ ಆರುತ್ತದೆ, ನಕ್ಷತ್ರಗಳ ಹುಟ್ಟು ಬದಲಾಗಲು ಕೋಟಿಗಟ್ಟಲೆ ವರ್ಷ ಬೇಕು. ಇಂದು ಹೊತ್ತಿದ ಒಲೆಯನ್ನು ನೋಡಿ ನಾಳೆಯ ಅಡುಗೆ ಅಳೆದಂತಾಯಿತು. ನೆದರ್ಲೆಂಡ್ಸ್‌ನ ಶಾಲಾ ಶಿಕ್ಷಕಿ ಹಾನಿ ಫಾನ್ ಆರ್ಕೆಲ್ 2007ರಲ್ಲಿ ಗುರುತಿಸಿದ ಹಸಿರು ಅನಿಲದ ಮೋಡ ಇದಕ್ಕೆ ಸಾಕ್ಷಿ. ಪಕ್ಕದ ಐಸಿ 2497 ಗೆಲಾಕ್ಸಿಯ ಕ್ವೇಸಾರ್ ಹೊತ್ತಿಸಿದ ಮೋಡ ಅದು. ಮೋಡ ಇನ್ನೂ ಬೆಳಗುತ್ತಿದೆ, ಕ್ವೇಸಾರ್ ಎರಡು ಲಕ್ಷ ವರ್ಷಗಳ ಒಳಗೆ ಮಂಕಾಗಿಬಿಟ್ಟಿದೆ.

ಎಲ್ಲ ಕಡೆಯೂ ಕಪ್ಪುರಂಧ್ರ ತಡೆಯುವುದೇ ಎಂದೂ ಬರೆಯಬಾರದು. ಜೆಟ್ ಹಾದಿಯಲ್ಲಿ ಸಿಕ್ಕ ತಣ್ಣನೆಯ ಮೋಡ ಕೆಲವೊಮ್ಮೆ ಒತ್ತಿಹೋಗಿ, ದಟ್ಟವಾಗಿ, ನಕ್ಷತ್ರಗಳನ್ನೇ ಹಡೆಯುತ್ತದೆ. ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಸೆಂಟಾರಸ್ ಎ ಗೆಲಾಕ್ಸಿಯ ಜೆಟ್ ಬಳಿ ಹೀಗೆ ಹುಟ್ಟಿದ ಎಳೆಯ ನಕ್ಷತ್ರಗಳಿವೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಅತಿನೇರಳೆ ದೂರದರ್ಶಕದಿಂದ ನಮ್ಮ ವಿಜ್ಞಾನಿಗಳೇ ಅವುಗಳನ್ನು ವಿವರವಾಗಿ ನೋಡಿದ್ದಾರೆ. ಆ ದೂರದರ್ಶಕ ಜೋಡಣೆಯಾದದ್ದು ಹೊಸಕೋಟೆಯಲ್ಲಿ, ಭಾರತೀಯ ತಾರಾಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ.

ನಮ್ಮ ಆಕಾಶಗಂಗೆಯ ಒಲೆ ಈಗ ಬೂದಿ ಮುಚ್ಚಿದ ಕೆಂಡ. ಆದರೆ ಗೆಲಾಕ್ಸಿಯ ತಟ್ಟೆಯ ಮೇಲೆ ಕೆಳಗೆ ತಲಾ 25 ಸಾವಿರ ಜ್ಯೋತಿರ್ವರ್ಷ ಎತ್ತರದ ಗಾಮಾ ಕಿರಣದ ಗುಳ್ಳೆಗಳು 2010ರಲ್ಲಿ ಫರ್ಮಿ ದೂರದರ್ಶಕದ ದತ್ತಾಂಶದಲ್ಲಿ ಸಿಕ್ಕವು; 2020ರಲ್ಲಿ ಇ-ರೋಸಿಟಾ ಎಕ್ಸ್-ಕಿರಣ ದೂರದರ್ಶಕ ಅವುಗಳನ್ನೂ ಒಳಗೊಂಡ ಇನ್ನೂ ದೊಡ್ಡ ಎಕ್ಸ್-ಕಿರಣ ಗುಳ್ಳೆಗಳನ್ನು ತೋರಿಸಿತು. ಇವನ್ನು ಊದಿದ್ದು ಕಪ್ಪುರಂಧ್ರವೋ, ನಡುವಿನಲ್ಲಿ ಒಟ್ಟೊಟ್ಟಿಗೆ ಹುಟ್ಟಿ ಸಿಡಿದ ನಕ್ಷತ್ರಗಳೋ ಎಂಬ ವಾದ ಮುಗಿದಿಲ್ಲ. ಹತ್ತಿರದ ಕಾಲದ್ದೂ ಒಂದು ಗುರುತಿದೆ: ನಡುವಿನ ಆಸುಪಾಸಿನ ಮೋಡಗಳು ಸುಮಾರು 200 ವರ್ಷದ ಹಿಂದಿನ ಎಕ್ಸ್-ಕಿರಣದ ಭುಗಿಲನ್ನು ಈಗ ಪ್ರತಿಫಲಿಸುತ್ತಿವೆ ಎಂದು 2023ರಲ್ಲಿ ಐಎಕ್ಸ್‌ಪಿಇ ಉಪಗ್ರಹದ ಅಳತೆ ಹೇಳಿತು.

ಸಂಪಾದಕರಲ್ಲಿ ಕೋರಿಕೆ ಇಷ್ಟು. ಕಪ್ಪುರಂಧ್ರದ ಸುದ್ದಿ ಅನುವಾದವಾಗಿ ಬಂದಾಗ ಅದರಲ್ಲಿ ನಾಲ್ಕು ಸಂಗತಿ ಇವೆಯೇ ನೋಡಿ ಅಚ್ಚಿಗೆ ಕಳಿಸಲಿ: ಅದರ ತೂಕ, ಅದು ವರ್ಷಕ್ಕೆ ಒಳತೆಗೆದುಕೊಳ್ಳುವ ಅನಿಲ, ಅದು ಕಾಯಿಸುವ ಅಥವಾ ತಳ್ಳುವ ಅನಿಲ, ಇದಕ್ಕೆಲ್ಲ ಹಿಡಿಯುವ ಕಾಲ. ಗೆಲಾಕ್ಸಿಯನ್ನು ಒಮ್ಮೆ ನಕ್ಷತ್ರಪುಂಜ, ಒಮ್ಮೆ ಆಕಾಶಗಂಗೆ, ಒಮ್ಮೆ ಬ್ರಹ್ಮಾಂಡ ಎಂದು ಬರೆಯುವುದನ್ನೂ ಬಿಟ್ಟು ಒಂದೇ ಪದ ಹಿಡಿಯಲಿ. ಆಕಾಶಗಂಗೆ ನಮ್ಮ ಗೆಲಾಕ್ಸಿಯ ಅಂಕಿತನಾಮ. ಕಪ್ಪು ಬಾಯಿಯ ಕಾಲ್ಪನಿಕ ಚಿತ್ರದ ಬದಲು ಪರ್ಸಿಯಸ್‌ನ ಎರಡು ಗುಳ್ಳೆಗಳ ನಿಜಚಿತ್ರ ಬರಲಿ. ಪುರವಣಿಗೆ ಲೇಖನ ಬೇಕಿದ್ದರೆ ವರದಿಗಾರರು ಹೊಸಕೋಟೆಗೂ ಖೋಡದ್‌ಗೂ ಹೋಗಿ ಬರಬಹುದು. ಖೋಡದ್ ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್, ನಾರಾಯಣಗಾಂವ್ ಹತ್ತಿರ. ಫೆಬ್ರುವರಿ 28ರ ವಿಜ್ಞಾನ ದಿನದ ಹೊತ್ತಿಗೆ ಅಲ್ಲಿ ಶಾಲಾ ಮಕ್ಕಳಿಗೂ ಪ್ರವೇಶವಿರುತ್ತದೆ.

ಇತಿ,
ತಮ್ಮ ಪತ್ರಿಕೆಯ ಓದುಗ
ಬೆಂಗಳೂರು